ದಿನವಿಡೀ ತೋಟದಲ್ಲೇ ಇರುವವರಿಗೂ ನಡಿಗೆ ಬೇಕೇ? ಬಿಪಿ ಮತ್ತು ಮಿದುಳಿನ ಸಪೂರ ನಾಳಗಳು

ಪ್ರಶ್ನೆ: ನನಗೆ 56 ವರ್ಷ. ಬದಿಯಡ್ಕದ ಹತ್ತಿರ ಅಡಿಕೆ ತೋಟ. ಎರಡು ವರ್ಷದಿಂದ ಬಿಪಿಗೆ ಆಮ್ಲೋಡಿಪಿನ್ 5 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದೇನೆ. ಮನೆಯ ಮೆಷಿನಿನಲ್ಲಿ 148ರಿಂದ 156, ಕೆಳಗಿನದು 90ರಿಂದ 94 ತೋರಿಸುತ್ತದೆ. ತಲೆನೋವೆಂದು ಎಂಆರ್‌ಐ ಮಾಡಿಸಿದಾಗ ‘ಸಣ್ಣ ರಕ್ತನಾಳಗಳ ಬದಲಾವಣೆ, ಫಜೇಕಾಸ್ ಗ್ರೇಡ್ 1’ ಎಂದು ಬಂತು. ತಂದೆಗೆ 62ಕ್ಕೆ ಲಕ್ವ ಹೊಡೆದಿತ್ತು. ದಿನಾ ನಡೆದರೆ ಮಿದುಳಿನ ನಾಳಗಳಿಗೆ ಒಳ್ಳೆಯದು ಎನ್ನುತ್ತಾರೆ ಡಾಕ್ಟರು. ಬೆಳಗಿನಿಂದ ಸಂಜೆಯವರೆಗೆ ತೋಟದಲ್ಲೇ ದುಡಿಯುವವನಿಗೆ ಬೇರೆ ನಡಿಗೆ ಏಕೆ? ಒಮ್ಮೆ ನಡೆದು ಬಂದ ಕೂಡಲೇ ಅಳೆದಾಗ 174/90 ಇತ್ತು. ನಾಳ ಒಡೆಯುವ ಭಯವಿಲ್ಲವೇ? ಎಷ್ಟು, ಹೇಗೆ ನಡೆಯಬೇಕು? ಮೂರು ತಿಂಗಳು ಬಿಟ್ಟು ಎಂಆರ್‌ಐ ಇನ್ನೊಮ್ಮೆ ಮಾಡಿಸಬೇಕೇ?

ಉತ್ತರ: ಮೊದಲು ಆ 174ರ ವಿಷಯ ಮುಗಿಸೋಣ. ಆ ಹೆದರಿಕೆ ಇರುವ ತನಕ ನೀವು ನಡೆಯಲು ಹೊರಡುವುದಿಲ್ಲ.

ಬಿರುಸಾಗಿ ನಡೆಯುವಾಗ ಮೇಲಿನ ಅಂಕಿ ಏರಲೇಬೇಕು. ಕಾಲಿನ ಸ್ನಾಯುಗಳು ರಕ್ತ ಕೇಳುತ್ತವೆ, ಹೃದಯ ಜೋರಾಗಿ ದೂಡುತ್ತದೆ. ಅದೇ ಹೊತ್ತಿಗೆ ಕಾಲಿನ ನಾಳಗಳು ಅಗಲವಾಗುವುದರಿಂದ ಕೆಳಗಿನ ಅಂಕಿ ಅಲ್ಲೇ ನಿಲ್ಲುತ್ತದೆ, ಕೆಲವರಲ್ಲಿ ಇಳಿಯುವುದೂ ಉಂಟು. ಮಿದುಳಿನ ಮಟ್ಟಿಗೆ ಲೆಕ್ಕಕ್ಕೆ ಬರುವುದು ಹೆಚ್ಚಾಗಿ ಸರಾಸರಿ ಒತ್ತಡ. ಕೆಳಗಿನ ಅಂಕಿಗೆ, ಎರಡು ಅಂಕಿಗಳ ವ್ಯತ್ಯಾಸದ ಮೂರನೇ ಒಂದು ಪಾಲನ್ನು ಕೂಡಿಸಿದರೆ ಅದರ ಅಂದಾಜು ಸಿಗುತ್ತದೆ. ಸುಮ್ಮನೆ ಕುಳಿತಾಗ ನಿಮ್ಮದು 156/94, ಅಂದರೆ ಸರಾಸರಿ 115ರ ಹತ್ತಿರ. ನಡೆದು ಬಂದಾಗ 174/90, ಸರಾಸರಿ 118. ಮೇಲಿನ ಅಂಕಿ 18 ಏರಿದರೂ ಸರಾಸರಿ ಏರಿದ್ದು ಮೂರೇ. ಆರೋಗ್ಯವಂತ ಮಿದುಳಿನ ನಾಳಗಳು ಸರಾಸರಿ ಒತ್ತಡ ಸುಮಾರು 60ರಿಂದ 150ರ ನಡುವೆ ಎಲ್ಲಿದ್ದರೂ ತಾವೇ ಬಿಗಿದುಕೊಂಡು, ಸಡಿಲಿಸಿಕೊಂಡು ಒಳಗಿನ ಹರಿವನ್ನು ಹದದಲ್ಲಿಡುತ್ತವೆ. ಹಳೆಯ ಬಿಪಿ ಇದ್ದವರಲ್ಲಿ ಈ ಎರಡೂ ಗಡಿಗಳು ಮೇಲಕ್ಕೆ ಸರಿದಿರುತ್ತವೆ. ಬಿಪಿಯನ್ನು ಒಮ್ಮೆಲೇ ಇಳಿಸಿದರೆ ತಲೆ ತಿರುಗುವುದು ಅದಕ್ಕೇ.

ಇನ್ನು ಮೇಲೆ ನಡೆದು ಬಂದ ಕೂಡಲೇ ಅಳೆಯಬೇಡಿ. ಅರ್ಧ ಗಂಟೆ ಕುಳಿತು ಅಳೆದರೆ ನಡೆಯುವ ಮೊದಲಿದ್ದುದಕ್ಕಿಂತ ಕಡಿಮೆ ಕಾಣುವುದೇ ಹೆಚ್ಚು. ಈ ಇಳಿಕೆ ಹಲವು ಗಂಟೆ, ಕೆಲವರಲ್ಲಿ ಹೆಚ್ಚುಕಡಿಮೆ ಒಂದು ದಿನದವರೆಗೂ ಉಳಿಯುತ್ತದೆ.

ನಾಳಕ್ಕೆ ನಿಜವಾಗಿ ಅಪಾಯ ತರುವ ಏರಿಕೆ ನಿಮ್ಮ ತೋಟದಲ್ಲೇ ಉಂಟು. 45 ಕಿಲೋದ ಯೂರಿಯಾ ಚೀಲವನ್ನು ಉಸಿರು ಬಿಗಿಹಿಡಿದು ಹೆಗಲಿಗೆ ಎತ್ತುವ ಆ ಮೂರು ಸೆಕೆಂಡು. ಕೆನಡಾದ ಸಂಶೋಧಕರು 1985ರಲ್ಲಿ ದೇಹದಾರ್ಢ್ಯ ಪಟುಗಳ ಕೈಯ ಧಮನಿಗೆ ನೇರವಾಗಿ ನಳಿಕೆ ಇಟ್ಟು ಅಳೆದಿದ್ದರು. ಎರಡೂ ಕಾಲಿನಿಂದ ಅತಿ ಭಾರ ತಳ್ಳುವಾಗ ಸಿಕ್ಕ ಸರಾಸರಿ 320/250. ಗಮನಿಸಿ, ಇಲ್ಲಿ ಕೆಳಗಿನ ಅಂಕಿಯೂ ಹಾರಿದೆ. ಉಸಿರು ಕಟ್ಟಿದಾಗ ಎದೆಗೂಡಿನೊಳಗಿನ ಒತ್ತಡ ಧಮನಿಗಳಿಗೂ ಸೇರಿಕೊಳ್ಳುತ್ತದೆ, ಬಿಗಿದ ಸ್ನಾಯುಗಳು ನಾಳಗಳನ್ನು ಹಿಸುಕುತ್ತವೆ, ರಕ್ತಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ನಡಿಗೆಯಲ್ಲಿ ಆಗುವುದಕ್ಕೆ ತದ್ವಿರುದ್ಧ. ಹಾಗಾಗಿ ಚೀಲವನ್ನು ಅರ್ಧ ಮಾಡಿ ಹೊರಿ, ಎತ್ತುವ ಕ್ಷಣದಲ್ಲಿ ಬಾಯಿಯಿಂದ ಉಸಿರು ಹೊರಗೆ ಬಿಡಿ. ಮಲಬದ್ಧತೆಯಿಂದ ಮುಕ್ಕುವುದೂ ಇದೇ ಜಾತಿಯ ಒತ್ತಡ. ಅದನ್ನೂ ಸರಿಮಾಡಿಕೊಳ್ಳಬೇಕು.

ಈಗ ನಿಮ್ಮ ಎಂಆರ್‌ಐ. ದೇಹದ ತೂಕದಲ್ಲಿ ಮಿದುಳು ನೂರಕ್ಕೆ ಎರಡು ಪಾಲು ಮಾತ್ರ, ಆಮ್ಲಜನಕದಲ್ಲಿ ಅದು ಕೇಳುವುದು ಇಪ್ಪತ್ತು ಪಾಲು. ಅದರೊಳಗಿನ ಲೋಮನಾಳಗಳನ್ನು ಬಿಚ್ಚಿ ಒಂದಕ್ಕೊಂದು ಜೋಡಿಸಿದರೆ 600 ಕಿಲೋಮೀಟರಿನ ಆಸುಪಾಸು ಆದೀತು, ಅಂದರೆ ತಲಪಾಡಿಯಿಂದ ತಿರುವನಂತಪುರಕ್ಕೆ ಹೋಗುವ ಹೆದ್ದಾರಿಯಷ್ಟು. ಬಿಪಿಯ ಪೆಟ್ಟು ಈ ಎಲ್ಲ ನಾಳಗಳಿಗೂ ಸಮವಾಗಿ ಬೀಳುವುದಿಲ್ಲ. ತೋಟಕ್ಕೆ ನೀರು ಬಿಡುವ ಪೈಪನ್ನು ನೆನೆಸಿಕೊಳ್ಳಿ. ಪಂಪಿನಿಂದ ದೊಡ್ಡ ಪೈಪು, ಅದಕ್ಕೆ ಕವಲು, ಕವಲಿಗೆ ಇನ್ನೂ ಸಣ್ಣ ಕವಲು, ಕೊನೆಗೆ ಸ್ಪ್ರಿಂಕ್ಲರ್. ತುದಿಗೆ ಮುಟ್ಟುವಷ್ಟರಲ್ಲಿ ಒತ್ತಡ ತಗ್ಗಿರುತ್ತದೆ. ಆದರೆ ಪಂಪಿನ ಬುಡದಲ್ಲೇ ದೊಡ್ಡ ಪೈಪಿಗೆ ತೂತು ಕೊರೆದು ಒಂದು ಸಪೂರ ನಳಿಗೆ ಸಿಕ್ಕಿಸಿದರೆ? ಮಿದುಳಿನ ನಡುಭಾಗಕ್ಕೆ ರಕ್ತ ಒಯ್ಯುವ ನಾಳಗಳ ರಚನೆ ಹಾಗೇ ಇದೆ. ಹೆಚ್ಚಿನವು ಅರ್ಧ ಮಿಲಿಮೀಟರಿಗಿಂತ ತೆಳು, ದೊಡ್ಡ ಧಮನಿಯಿಂದ ನೇರ ಲಂಬಕೋನದಲ್ಲಿ ಕವಲೊಡೆಯುತ್ತವೆ, ನಡುವೆ ಒತ್ತಡ ತಗ್ಗಿಸುವ ಯಾವ ಹಂತವೂ ಇಲ್ಲ. ವರ್ಷಗಟ್ಟಲೆ ಆ ಹೊಡೆತ ತಿಂದ ಗೋಡೆ ದಪ್ಪವಾಗಿ ಗಾಜಿನಂತೆ ಗಡುಸಾಗುತ್ತದೆ, ಒಳದಾರಿ ಕಿರಿದಾಗುತ್ತದೆ. ಮುಚ್ಚಿಹೋದರೆ 15 ಮಿಲಿಮೀಟರಿಗಿಂತ ಸಣ್ಣ ಗುಳಿಯಂಥ ಸ್ಟ್ರೋಕು, ಒಡೆದರೆ ರಕ್ತಸ್ರಾವ. ಎರಡೂ ಆಗದೆ ಬರೀ ಸೊರಗಿದರೆ, ಆ ನಾಳ ಸಾಕುತ್ತಿದ್ದ ನರತಂತುಗಳು ಎಂಆರ್‌ಐಯಲ್ಲಿ ಬಿಳಿ ಚುಕ್ಕೆಗಳಾಗಿ ಕಾಣುತ್ತವೆ. ಫಜೇಕಾಸ್ ಎಂಬುದು ಆ ಚುಕ್ಕೆಗಳಿಗೆ 0ಯಿಂದ 3ರವರೆಗೆ ಕೊಡುವ ಅಂಕ. 1 ಎಂದರೆ ಅಲ್ಲೊಂದು ಇಲ್ಲೊಂದು ಬಿಡಿ ಚುಕ್ಕೆ. ಈ ವಯಸ್ಸಿನಲ್ಲಿ ಬಹಳ ಮಂದಿಗೆ ಇರುತ್ತದೆ, ನಿದ್ದೆ ಕೆಡಿಸಿಕೊಳ್ಳುವಂಥದ್ದಲ್ಲ. ಚುಕ್ಕೆಗಳು ಒಂದಕ್ಕೊಂದು ಕೂಡಿಕೊಳ್ಳುವ 2 ಮತ್ತು 3ಕ್ಕೆ ಹೋಗದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ. ಆಗಿಹೋದ ಚುಕ್ಕೆಯನ್ನು ನಡಿಗೆಯಾಗಲಿ ಮದ್ದಾಗಲಿ ಅಳಿಸುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ವ್ಯಾಯಾಮ ಇಲ್ಲಿ ಎರಡು ಕಡೆಯಿಂದ ಕೈಹಾಕುತ್ತದೆ. ಮೊದಲನೆಯದು ನಾಳದ ಒಳಗಿನ ಲೈನಿಂಗ್. ಒಂದೇ ಒಂದು ಕೋಶದಷ್ಟು ತೆಳುವಾದ ಈ ಪದರ ತನ್ನ ಮೇಲೆ ರಕ್ತ ಉಜ್ಜಿಕೊಂಡು ಹೋಗುವುದನ್ನು ಗ್ರಹಿಸುತ್ತದೆ. ಹರಿವು ನೆಟ್ಟಗೆ, ಬಿರುಸಾಗಿ, ಬಿಡದೆ ಇದ್ದರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುಗಡೆ ಮಾಡುತ್ತದೆ. ಅದು ನಾಳವನ್ನು ಸಡಿಲಿಸುತ್ತದೆ, ರಕ್ತಕಣಗಳು ಗೋಡೆಗೆ ಅಂಟದಂತೆ ತಡೆಯುತ್ತದೆ. 1998ರ ವೈದ್ಯಕೀಯ ನೊಬೆಲ್ ಸಿಕ್ಕಿದ್ದು ಈ ಅನಿಲದ ಕೆಲಸವನ್ನು ಕಂಡುಹಿಡಿದ ಮೂವರಿಗೆ. ಬಿಪಿ ಇದ್ದವರಲ್ಲಿ ತೊಂದರೆ ಏನೆಂದರೆ, ಒಳಪದರದಲ್ಲಿ ಚುರುಕು ಆಮ್ಲಜನಕ ಕಣಗಳು ಹೆಚ್ಚಾಗಿ, ಹುಟ್ಟಿದ ನೈಟ್ರಿಕ್ ಆಕ್ಸೈಡನ್ನು ಅಲ್ಲೇ ನುಂಗಿಬಿಡುತ್ತವೆ. ದಿನವೂ ಅರ್ಧ ಗಂಟೆ ಏಕಪ್ರಕಾರ ಹರಿವು ಸಿಕ್ಕಿದರೆ ಉತ್ಪಾದನೆಯೂ ಹೆಚ್ಚುತ್ತದೆ, ನುಂಗುವ ಕಣಗಳನ್ನು ಹತ್ತಿಕ್ಕುವ ಕಿಣ್ವಗಳೂ ಹೆಚ್ಚುತ್ತವೆ.

ಎರಡನೆಯದು ದೊಡ್ಡ ಧಮನಿಗಳ ಹಿಗ್ಗಿ ಕುಗ್ಗುವ ಗುಣ. ಹೃದಯದಿಂದ ಹೊರಡುವ ಮಹಾಧಮನಿ ರಬ್ಬರಿನ ಹೋಸಿನಂತೆ ಪ್ರತಿ ಬಡಿತಕ್ಕೂ ಉಬ್ಬಿ, ಹೊಡೆತದ ಅರ್ಧವನ್ನು ತಾನೇ ಹೀರಿಕೊಂಡು, ಮುಂದಕ್ಕೆ ಮೆತ್ತಗೆ ಬಿಡಬೇಕು. ವಯಸ್ಸು ಮತ್ತು ಬಿಪಿಯಿಂದ ಅದು ಪಿವಿಸಿ ಪೈಪಿನಂತಾದರೆ ಪ್ರತಿ ಬಡಿತದ ಗುದ್ದು ನೇರವಾಗಿ ಮಿದುಳಿನ ಆ ಸಪೂರ ನಾಳಗಳಿಗೆ ಹೋಗುತ್ತದೆ. ನಿಮ್ಮ ಎರಡು ಅಂಕಿಗಳ ನಡುವಿನ ಅಂತರ ಈಗ 60ರ ಹತ್ತಿರ ಇದೆ. ಅದು ಇನ್ನೂ ಅಗಲವಾಗುತ್ತ ಹೋಗುವುದು ಈ ಗಡುಸುತನದ ಲಕ್ಷಣ. ಒಳಪದರ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಮಹಾಧಮನಿಗೆ ತಿಂಗಳುಗಳು ಬೇಕು, ಅದೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ.

ಇನ್ನು ತೋಟದ ದುಡಿಮೆ. ಅದು ವ್ಯರ್ಥ ಎಂದು ಯಾರೂ ಹೇಳುವುದಿಲ್ಲ. ಆದರೆ ಹೊಟ್ಟೆಪಾಡಿನ ಭಾರದ ಕೆಲಸ ಮತ್ತು ಬಿಡುವಿನ ವೇಳೆಯ ವ್ಯಾಯಾಮ ಹೃದಯ, ನಾಳಗಳ ಮೇಲೆ ಒಂದೇ ಥರ ಕೆಲಸ ಮಾಡುವುದಿಲ್ಲ ಎಂಬುದು ಹಲವು ದೇಶಗಳ ಸಮೀಕ್ಷೆಗಳಲ್ಲಿ ಮತ್ತೆ ಮತ್ತೆ ಕಂಡಿದೆ. ನಿಮ್ಮ ಒಂದು ದಿನವನ್ನೇ ಬಿಡಿಸಿ ನೋಡಿ. ಅಡಿಕೆ ಹೆಕ್ಕುವಾಗ ಎರಡು ಹೆಜ್ಜೆ, ಬಗ್ಗು, ಏಳು, ಮತ್ತೆ ಎರಡು ಹೆಜ್ಜೆ. ನಾಡಿ ಏರುವಷ್ಟರಲ್ಲಿ ಇಳಿಯುತ್ತದೆ. ಅಡಿಕೆಗೆ ಮದ್ದು ಸಿಂಪಡಿಸುವ ದಿನ ಕೈ ಮೇಲೆತ್ತಿ, ಕತ್ತು ಹಿಂದಕ್ಕೆ ಬಾಗಿಸಿ ಗಂಟೆಗಟ್ಟಲೆ ನಿಲ್ಲುವುದು. ಸೊಪ್ಪು, ಗೊಬ್ಬರ ಹೊರುವಾಗ ಭಾರ, ಬಿಗಿದ ಉಸಿರು. ಸುಲಿಯುವ ಕಾಲ ಬಂದರೆ ನಾಲ್ಕು ಗಂಟೆ ಒಂದೇ ಕಡೆ ಕೂರುವುದು. ಒಟ್ಟಿನಲ್ಲಿ ದಿನವಿಡೀ ಬಿಪಿ ಸ್ವಲ್ಪ ಏರಿಯೇ ಇರುತ್ತದೆ, ಒಳಪದರಕ್ಕೆ ಬೇಕಾದ ಬಿಡದ ಹರಿವು ಮಾತ್ರ ಹತ್ತು ನಿಮಿಷವೂ ಸಿಗುವುದಿಲ್ಲ. ದಣಿವೇನೋ ಆಗುತ್ತದೆ. ಆದರೆ ದಣಿವನ್ನೇ ವ್ಯಾಯಾಮದ ಅಳತೆಗೋಲು ಮಾಡಿಕೊಂಡದ್ದೇ ನಮ್ಮ ಕಡೆಯ ಕೃಷಿಕರ ದೊಡ್ಡ ತಪ್ಪು ಲೆಕ್ಕ.

ಎಷ್ಟು ನಡೆಯಬೇಕು? ವಾರಕ್ಕೆ ಒಟ್ಟು 150 ನಿಮಿಷ ಕನಿಷ್ಠ, ಸಾಧ್ಯವಾದರೆ 200. ವಾರದಲ್ಲಿ ಐದಾರು ದಿನಗಳಿಗೆ ಹಂಚಿ. ಭಾನುವಾರ ಒಂದೇ ದಿನ ಮಧೂರಿಗೆ ನಡೆದುಹೋದರೆ ಪುಣ್ಯ ಬಂದೀತು, ಬಿಪಿ ಇಳಿಯದು. ವೇಗಕ್ಕೆ ಸುಲಭದ ಅಳತೆ ಹೆಜ್ಜೆ. ಗಡಿಯಾರ ನೋಡಿಕೊಂಡು 15 ಸೆಕೆಂಡು ಎಣಿಸಿ: 25 ಹೆಜ್ಜೆ, ಅಂದರೆ ನಿಮಿಷಕ್ಕೆ 100, ಬಂದರೆ ಅದು ವ್ಯಾಯಾಮ. ಅದಕ್ಕಿಂತ ಕಡಿಮೆಯಾದರೆ ಅದು ಅಡ್ಡಾಟ. ಎರಡನೆಯ ಅಳತೆ ಮಾತು. ಜತೆಗಾರನೊಡನೆ ಮಾತಾಡಲು ಆಗಬೇಕು, ಆದರೆ ಭಾಗವತರ ಪದವೊಂದನ್ನು ಎತ್ತಿಕೊಂಡರೆ ಅರ್ಧ ಸಾಲಿಗೇ ಉಸಿರು ಸಾಲದಾಗಬೇಕು. ನಾಡಿಯ ಲೆಕ್ಕ ಬೇಕಿದ್ದರೆ ಹೀಗೆ: 220ರಲ್ಲಿ 56 ಕಳೆದರೆ 164. ಕುಳಿತಾಗಿನ ನಾಡಿ 72 ಎಂದಿಟ್ಟುಕೊಳ್ಳಿ, ಉಳಿದದ್ದು 92. ಅದರ ಶೇಕಡಾ 40ರಿಂದ 60ನ್ನು 72ಕ್ಕೆ ಕೂಡಿಸಿದರೆ 109ರಿಂದ 127. ಮಣಿಕಟ್ಟಿನಲ್ಲಿ 15 ಸೆಕೆಂಡಿಗೆ 27ರಿಂದ 32 ಬಡಿತ. ಇದಕ್ಕಿಂತ ಬಿರುಸು ನಿಮಗೆ ಈಗ ಬೇಡ. ಮಿದುಳಿನ ಹರಿವು ಮಧ್ಯಮ ಶ್ರಮದವರೆಗೆ ಏರುತ್ತದೆ. ಶ್ರಮ ತೀರಾ ಹೆಚ್ಚಾದಾಗ ಏದುಸಿರಿನಿಂದ ರಕ್ತದ ಇಂಗಾಲದ ಡೈಆಕ್ಸೈಡ್ ಇಳಿದು, ಮಿದುಳಿನ ನಾಳಗಳು ಕಿರಿದಾಗಿ ಹರಿವು ಹಿಂದಕ್ಕೆ ಬರುತ್ತದೆ. ಮಿದುಳಿಗಾಗಿ ನಡೆಯುವವರು ಓಡಬೇಕಾಗಿಲ್ಲ.

ಮೊದಲ ಎರಡು ವಾರ ದಿನಕ್ಕೆ 10–12 ನಿಮಿಷದಂತೆ ಎರಡು ಸಲ, ಸಮತಟ್ಟಿನಲ್ಲಿ. ಮೂರು, ನಾಲ್ಕನೇ ವಾರ 20 ನಿಮಿಷ ಒಂದೇ ಸಲಕ್ಕೆ. ಐದರಿಂದ ಎಂಟರವರೆಗೆ 30. ಆಮೇಲೆ 35–40, ಬೇಕಿದ್ದರೆ ಗುಡ್ಡೆಯ ಏರು ಸೇರಿಸಿ. ಪ್ರತಿ ಸಲ ಮೊದಲ ಐದು ನಿಮಿಷ ನಿಧಾನ, ಕೊನೆಯ ಐದರಿಂದ ಎಂಟು ನಿಮಿಷ ನಿಧಾನ. ಕೊನೆಯದನ್ನು ಬಿಡುವವರೇ ಹೆಚ್ಚು. ಬಿರುಸು ನಡಿಗೆಯಿಂದ ಸೀದಾ ಬಂದು ಜಗಲಿಯ ಹತ್ತಿರ ನಿಂತುಬಿಟ್ಟರೆ ರಕ್ತ ಕಾಲಿನಲ್ಲೇ ಉಳಿದು ಬಿಪಿ ಕುಸಿಯುತ್ತದೆ. ಆಮ್ಲೋಡಿಪಿನ್ ಮೊದಲೇ ನಾಳಗಳನ್ನು ಸಡಿಲಿಸಿರುತ್ತದೆ, ಅದರ ಮೇಲೆ ಬಿಸಿನೀರ ಸ್ನಾನವೂ ಸೇರಿದರೆ ಬಚ್ಚಲಲ್ಲೇ ತಲೆ ಸುತ್ತೀತು. ಕಾಲು ಗಂಟೆ ಕಳೆದು ಸ್ನಾನ ಮಾಡಿ.

ಮಳೆಗಾಲದಲ್ಲಿ ಬಿಡುವುದೇ ನಮ್ಮೂರಿನ ದೊಡ್ಡ ಸಮಸ್ಯೆ. ಜೂನಿನಲ್ಲಿ ನಿಲ್ಲಿಸಿದವರು ಅಕ್ಟೋಬರಿಗೆ ನೆನಪಿಸಿಕೊಳ್ಳುತ್ತಾರೆ. ನಿಲ್ಲಿಸಿದ ಕೆಲವೇ ವಾರಗಳಲ್ಲಿ ಬಿಪಿಯ ಇಳಿಕೆ ಮಾಯ. ಜಗಲಿಯ ಒಂದೇ ಮೆಟ್ಟಿಲು ಸಾಕು. ಬಲಗಾಲು ಮೇಲೆ, ಎಡಗಾಲು ಮೇಲೆ, ಬಲ ಕೆಳಗೆ, ಎಡ ಕೆಳಗೆ, ಇದು ಒಂದು. ನಿಮಿಷಕ್ಕೆ 18ರಿಂದ 20. ಐದು ನಿಮಿಷಕ್ಕೊಮ್ಮೆ ಮೊದಲು ಇಡುವ ಕಾಲು ಬದಲಿಸಿ, ಕೈಗೆ ಸಿಗುವಂತೆ ಕಂಬ ಇರಲಿ. ಮಾರ್ಚಿನಿಂದ ಮೇಯವರೆಗೆ ಬೆಳಗ್ಗೆ ಏಳೂವರೆಯೊಳಗೆ ಅಥವಾ ಸಂಜೆ ಐದೂವರೆಯ ಮೇಲೆ. ಇಲ್ಲಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಮೈ ತಣಿಯುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಹೊರಡಬೇಡಿ, ಬೆಳಗಿನ ಹೊತ್ತು ಬಿಪಿ ತಾನಾಗಿಯೇ ಏರುವ ಸಮಯ. ನೀರು ಕುಡಿದು, ಅರ್ಧ ಗಂಟೆ ಓಡಾಡಿ, ಆಮೇಲೆ. ಹೊರಡುವ ಮೊದಲು ಬೀಡಿಯಾಗಲಿ ಹೊಗೆಸೊಪ್ಪು ಸೇರಿದ ಎಲೆಯಡಿಕೆಯಾಗಲಿ ಬೇಡ. ನಿಕೋಟಿನ್ ನಾಳವನ್ನು ಬಿಗಿಯುವಾಗ ನಡಿಗೆ ಸಡಿಲಿಸುವುದೇನನ್ನು? ಬೆವರಿತೆಂದು ಉಪ್ಪು ಹಾಕಿದ ಮಜ್ಜಿಗೆ, ಗಂಜಿಗೆ ಎರಡು ಹೋಳು ಉಪ್ಪಿನಕಾಯಿ ಸೇರಿಸಿಕೊಂಡರೆ ಲಾಭವೆಲ್ಲ ಅಲ್ಲೇ ಖರ್ಚು. ದಿನದ ಉಪ್ಪು ಎಲ್ಲ ಸೇರಿ 5 ಗ್ರಾಂ, ಮಟ್ಟಸವಾದ ಒಂದು ಚಹಾ ಚಮಚ. ಉಪ್ಪುಸೊಳೆಯ ಪಲ್ಯ ಮಾಡುವ ದಿನ ಅದೊಂದರಲ್ಲೇ ಲೆಕ್ಕ ಮುಗಿಯುತ್ತದೆ.

ವಾರಕ್ಕೆ ಮೂರು ದಿನ ಕೈಹಿಡಿತದ ವ್ಯಾಯಾಮವನ್ನೂ ಸೇರಿಸಬಹುದು. ಸಣ್ಣ ಬೈರಾಸನ್ನು ಸುರುಳಿ ಸುತ್ತಿ, ಪೂರ್ತಿ ಬಲದ ಮೂರನೇ ಒಂದರಷ್ಟು ಮಾತ್ರ ಹಿಸುಕಿ ಎರಡು ನಿಮಿಷ ಹಿಡಿಯಿರಿ. ಒಂದು ನಿಮಿಷ ಬಿಡಿ. ಕೈ ಬದಲಿಸುತ್ತ ನಾಲ್ಕು ಸಲ. ಕೂತಲ್ಲೇ ಆಗುವ ಈ ಕೆಲಸ ಎಂಟು ಹತ್ತು ವಾರದಲ್ಲಿ ಮೇಲಿನ ಅಂಕಿಯನ್ನು ನಾಲ್ಕೈದು ಇಳಿಸುತ್ತದೆ. ಹಿಡಿದಷ್ಟು ಹೊತ್ತು ಬಾಯಿಬಿಟ್ಟು ಅಂಕಿ ಎಣಿಸುತ್ತಿರಿ. ಎಣಿಸುವವರಿಗೆ ಉಸಿರು ಕಟ್ಟಲಾಗದು.

ಆದರೆ ಒಂದು ಮಾತನ್ನು ನೇರವಾಗಿ ಹೇಳಬೇಕು. ನಡಿಗೆಯಿಂದ ಬಿಪಿ ಇದ್ದವರಲ್ಲಿ ಇಳಿಯುವುದು 5ರಿಂದ 8 ಅಂಕಿ. ನಿಮ್ಮ ಮೇಲಿನ ಅಂಕಿ ಸರಾಸರಿ 152 ಎಂದಿಟ್ಟುಕೊಂಡರೆ 145ಕ್ಕೆ ಬಂದೀತು. ಬೇಕಾದದ್ದು 130/80ರ ಕೆಳಗೆ. ಎರಡು ವರ್ಷದಿಂದ ಅದೇ 5 ಮಿಲಿಗ್ರಾಂನಲ್ಲಿ, ಅದೇ 150ರಲ್ಲಿ ಉಳಿದಿದ್ದೀರಿ. ಅಂದರೆ ಮದ್ದು ಸಾಲುತ್ತಿಲ್ಲ. ಪ್ರಮಾಣ ಏರಿಸುವುದೋ ಇನ್ನೊಂದು ಗುಳಿಗೆ ಸೇರಿಸುವುದೋ ಎಂದು ಡಾಕ್ಟರನ್ನು ಕೇಳಿ. ಚುಕ್ಕೆ ಬೆಳೆಯುವ ವೇಗಕ್ಕೂ ಬಿಪಿಗೂ ಇರುವ ಸಂಬಂಧ ಊಹೆಯಲ್ಲ. ಅಮೆರಿಕದ ಸ್ಪ್ರಿಂಟ್ ಅಧ್ಯಯನದ ಮಿದುಳಿನ ಭಾಗ 2019ರಲ್ಲಿ ಪ್ರಕಟವಾಯಿತು. ಮೇಲಿನ ಅಂಕಿಯನ್ನು 140ರೊಳಗೆ ಇಟ್ಟವರಲ್ಲಿ ಸುಮಾರು ನಾಲ್ಕು ವರ್ಷಕ್ಕೆ ಬಿಳಿ ಚುಕ್ಕೆಗಳ ಗಾತ್ರ 1.45 ಘನ ಸೆಂಟಿಮೀಟರ್ ಹೆಚ್ಚಿದರೆ, 120ರೊಳಗೆ ಇಳಿಸಲು ಹೊರಟ ಗುಂಪಿನಲ್ಲಿ 0.92. ಅದು ಮದ್ದಿನಿಂದ ಸಿಕ್ಕ ಫಲ. ನಡಿಗೆ ಮದ್ದಿನ ಜತೆಗಾರ, ಬದಲಿಯಲ್ಲ.

ಇನ್ನೊಂದು ಮೋಸ ಆಮ್ಲೋಡಿಪಿನ್‌ನದ್ದೇ. ರಕ್ತದಲ್ಲಿ ಅದು ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕು. ನಡಿಗೆ ಶುರುಮಾಡಿದ ಹುರುಪಿನಲ್ಲಿ ಎರಡು ದಿನ ಗುಳಿಗೆ ಬಿಟ್ಟು ಅಳೆದು ‘ನೋಡಿ, ಏರಲೇ ಇಲ್ಲ, ಇನ್ನು ಬೇಡ’ ಎನ್ನುವವರುಂಟು. ಒಳಗಿದ್ದ ಮದ್ದು ಮುಗಿದು, ಬಿಪಿ ನಿಧಾನಕ್ಕೆ ಹಿಂದಿನ ಮಟ್ಟಕ್ಕೆ ಬರುವುದು ಆಮೇಲೆ. ಅಷ್ಟು ಹೊತ್ತಿಗೆ ಅಳೆಯುವುದನ್ನೂ ಬಿಟ್ಟಿರುತ್ತಾರೆ. ಮುಂದೆ ಅಟೆನೊಲಾಲ್, ಮೆಟೊಪ್ರೊಲಾಲ್ ಥರದ ಗುಳಿಗೆ ಸೇರಿಸಿದರೆ ನಾಡಿ ಏರುವುದಿಲ್ಲ, ಮೇಲಿನ ಲೆಕ್ಕ ಬಿಟ್ಟು ಮಾತಿನ ಅಳತೆಯನ್ನೇ ಹಿಡಿಯಿರಿ. ಮೂತ್ರ ಹೆಚ್ಚಿಸುವ ಗುಳಿಗೆಯಾದರೆ ಸೆಕೆಗಾಲದಲ್ಲಿ ನೀರಿನ ಕಡೆ ಗಮನವಿರಲಿ. ಮೂರನೇ ವಾರ ಮೊಣಕಾಲು ನೋಯಬಹುದು. ಆಗ ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್, ಐಬುಪ್ರೊಫೆನ್ ತಂದು ನುಂಗಬೇಡಿ. ಅವು ಉಪ್ಪುನೀರನ್ನು ಮೈಯಲ್ಲಿ ಹಿಡಿದಿಟ್ಟು ಬಿಪಿ ಏರಿಸುತ್ತವೆ. ಪ್ಯಾರಸಿಟಮಾಲ್ ಅಷ್ಟು ಕೆಟ್ಟದ್ದಲ್ಲ. ಅದಕ್ಕಿಂತ ಒಂದು ವಾರ ಸೈಕಲ್ ತುಳಿಯುವುದು ಒಳ್ಳೆಯದು.

ಕುಳಿತಾಗಿನ ಬಿಪಿ 180 ಅಥವಾ 110 ದಾಟಿದ ದಿನ ನಡಿಗೆ ಬೇಡ, ಡಾಕ್ಟರನ್ನು ಕಾಣಿ. ನಡೆಯುವಾಗ ಎದೆ ಬಿಗಿತ, ಹಿಂದೆಂದೂ ಕಾಣದಂಥ ತಲೆನೋವು ಬಂದರೆ ಅಲ್ಲೇ ನಿಲ್ಲಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಬಾಯಿ ಒಂದು ಕಡೆಗೆ ಸೊಟ್ಟಗಾದರೆ, ಒಂದು ಕೈ ಬಲ ಕಳೆದುಕೊಂಡರೆ, ಮಾತು ತೊದಲಿದರೆ ಗಡಿಯಾರ ನೋಡಿ 108ಕ್ಕೆ ಕರೆ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಇರುವುದು ನಾಲ್ಕೂವರೆ ಗಂಟೆ. ಆ ಲೆಕ್ಕ ಶುರುವಾಗುವುದು ನೀವು ಕೊನೆಯ ಸಲ ಸರಿಯಿದ್ದ ಹೊತ್ತಿನಿಂದ. ಬಾಯಿಗೆ ನೀರು, ಬಿಪಿ ಗುಳಿಗೆ, ಆಸ್ಪಿರಿನ್ ಏನೂ ಹಾಕಬಾರದು. ಹೆಪ್ಪೋ ರಕ್ತಸ್ರಾವವೋ ಎಂದು ಸ್ಕ್ಯಾನಿಗೆ ಮೊದಲು ಯಾರೂ ಹೇಳಲಾರರು. ಬದಿಯಡ್ಕದಂಥ ಒಳನಾಡಿನವರು, ರಾತ್ರಿಯೂ ಸಿಟಿ ಸ್ಕ್ಯಾನ್ ಮತ್ತು ಈ ಚುಚ್ಚುಮದ್ದು ಎರಡೂ ಇರುವ ಆಸ್ಪತ್ರೆ ಯಾವುದು, ಕಾಸರಗೋಡಿನಲ್ಲೋ ಮಂಗಳೂರಿನಲ್ಲೋ ಎಂದು ಇಂದೇ ವಿಚಾರಿಸಿ, ನಂಬರನ್ನು ಮನೆಯವರ ಫೋನಿನಲ್ಲೂ ಹಾಕಿಡಬೇಕು.

ಕೊನೆಗೆ ಎಂಆರ್‌ಐ. ಮೂರು ತಿಂಗಳಿಗೆ ಬೇಡ. ಅಷ್ಟರಲ್ಲಿ ಗ್ರೇಡ್ 1ರಲ್ಲಿ ಅಳೆಯುವಂಥ ಬದಲಾವಣೆ ಏನೂ ಕಾಣದು, ಹೊಸ ಲಕ್ಷಣ ಇಲ್ಲದಿದ್ದರೆ ದುಡ್ಡು ದಂಡ. ಅದರ ಬದಲು ಡಾಕ್ಟರನ್ನು ಕಾಣುವ ಮೊದಲಿನ ಏಳು ದಿನ ಬಿಪಿ ಬರೆದಿಡಿ. ಬೆಳಗ್ಗೆ ಗುಳಿಗೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು. ಐದು ನಿಮಿಷ ಮಾತಿಲ್ಲದೆ ಕುರ್ಚಿಗೆ ಬೆನ್ನು ಆನಿಸಿ, ಪಾದ ನೆಲಕ್ಕೆ ಊರಿ, ಬರಿಯ ತೋಳಿಗೆ ಪಟ್ಟಿ ಕಟ್ಟಿ, ಕೈಯನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲೆ ಇಡಿ. ಮೊದಲ ದಿನದ್ದನ್ನು ಬಿಟ್ಟು ಉಳಿದ ಆರು ದಿನಗಳ ಸರಾಸರಿ ತೆಗೆಯಿರಿ. ನಡಿಗೆ ಶುರುಮಾಡುವ ಮೊದಲೊಂದು ಹಾಳೆ, ಹನ್ನೆರಡು ವಾರದ ಮೇಲೊಂದು ಹಾಳೆ. ಎರಡನ್ನೂ ಜತೆಗಿಟ್ಟು ಡಾಕ್ಟರಿಗೆ ತೋರಿಸಿ. ನಿಮ್ಮ ತೋಳು ದಪ್ಪವಿದ್ದರೆ ಪಟ್ಟಿಯೂ ದೊಡ್ಡದೇ ಬೇಕು. ಸಣ್ಣ ಪಟ್ಟಿ ಇಲ್ಲದ ಬಿಪಿಯನ್ನೂ ತೋರಿಸುತ್ತದೆ.